ಅದ್ಭುತಕಥನದ ಅರ್ಥವಿಚಾರ: ಜುಂಜಪ್ಪನ ಕಾವ್ಯವೂ ಒಂದು ಐರಿಷ್ ಕಾದಂಬರಿಯೂ

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಗಳು ಮಳೆ ಕಡಮೆಯಾದ ಬಯಲುನಾಡು. ದನಕುರಿಗಳ ಪಾಲನೆಯು ಇಲ್ಲಿ ಬಹುಕಾಲದಿಂದ ನಡೆದುಬಂದ ವೃತ್ತಿ. ಈ ವೃತ್ತಿಯನ್ನು ಆಶ್ರಯಿಸಿದ ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಚರಿತ್ರೆಯನ್ನು ದೀರ್ಘವಾದ ಕಥನಕಾವ್ಯವಾಗಿ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿರುವರು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆಯು ಆತನ ಆರಾಧನೆಯ ಮುಖ್ಯಸ್ಥಾನ.

ಚಿನ್ನಮ್ಮನ ಮಗನಾದ ಜುಂಜಪ್ಪನ ಜನನವೇ ಅಲೌಕಿಕ. ಅವನು ಗಣೆಯೆಂಬ ಉದ್ದನೆಯ ಬಿದಿರ ಕೊಳಲನ್ನು ನುಡಿಸುತ್ತ ಅಡವಿಯಲ್ಲಿ ದನ ಕಾಯುವನು. ಸೋದರಮಾವಂದಿರು ದ್ವೇಷದಿಂದ ವಿಷವಿಕ್ಕುವರು. ಸತ್ತ ಬಳಿಕವೂ ದೈವವಾಗಿ ದನಗಳನ್ನು ಕಾಯುವನು. ಇದನ್ನು ವ್ಯಾಖ್ಯಾನಿಸಲು ಎರಡು ಮಾರ್ಗಗಳುಂಟು. ಅದ್ಭುತಾಂಶವನ್ನೆಲ್ಲ ಕಳೆದು ಮಿಕ್ಕುದನ್ನು ಇತಿಹಾಸವೆಂದು ಗ್ರಹಿಸುವುದು ಒಂದು. ಹಾಗೆ ಮಾಡಿದರೆ ನೆಂಟರ ಕಲಹವೊಂದು ಉಳಿಯುವುದೇ ಹೊರತು ಕಾವ್ಯವು ಉಳಿಯದು. ಅದ್ಭುತವನ್ನೇ ಅರ್ಥದ ನೆಲೆಯೆಂದು ಹಿಡಿಯುವುದು ಇನ್ನೊಂದು.

ಬರಹದ ಸಾಹಿತ್ಯದಲ್ಲಿಯೂ ಈ ಪ್ರಶ್ನೆ ಏಳುವುದು. ಐರ್ಲೆಂಡಿನ ಬ್ರಯನ್ ಓ'ನೋಲನ್, ಫ್ಲಾನ್ ಓ'ಬ್ರಯನ್ ಎಂಬ ಕಾವ್ಯನಾಮದಿಂದ ಬರೆದು 1940ರಲ್ಲಿ ಮುಗಿಸಿದ ‘ದಿ ಥರ್ಡ್ ಪೊಲೀಸ್‌ಮನ್’ ಕಾದಂಬರಿಯಲ್ಲಿ ಕಥಾನಾಯಕನು ತಾನು ಸತ್ತಿರುವುದನ್ನೇ ಅರಿಯದೆ ಅಲೆಯುವನು. ಅಲ್ಲಿ ಸೈಕಲ್ಲು ತುಳಿಯುವವನ ಪರಮಾಣುಗಳು ಸೈಕಲ್ಲಿಗೂ, ಸೈಕಲ್ಲಿನವು ಅವನಿಗೂ ಸೇರಿಹೋಗುವುವು. ಪ್ರಕಾಶಕರು ನಿರಾಕರಿಸಿದ ಈ ಕೃತಿಯು, ಕರ್ತೃವು 1966ರಲ್ಲಿ ತೀರಿಕೊಂಡ ತರುವಾಯ, 1967ರಲ್ಲಿ ಅಚ್ಚಾಯಿತು. 2005ರಲ್ಲಿ ‘ಲಾಸ್ಟ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯಲ್ಲಿ ಈ ಪುಸ್ತಕವು ಕ್ಷಣಕಾಲ ಕಾಣಿಸಲು, ಧಾರಾವಾಹಿಯ ಒಗಟಿಗೆ ಇದರಲ್ಲಿ ಉತ್ತರವಿರಬಹುದೆಂದು ಸಾವಿರಾರು ಮಂದಿ ಇದನ್ನು ಕೊಂಡು ಓದಿದರು.

ಇಲ್ಲಿ ಮನುಷ್ಯನೂ ವಾಹನವೂ ಬೆರೆಯುವುದು ಹಾಸ್ಯದಲ್ಲಿ; ಅಲ್ಲಿ ಗೋಪಾಲನೂ ಗೋವೂ ಒಂದಾಗುವುದು ಭಕ್ತಿಯಲ್ಲಿ. ಎರಡರಲ್ಲಿಯೂ ಅದ್ಭುತವು ಬದುಕಿನ ನಂಟನ್ನು ಹೇಳುವ ಭಾಷೆ. ಆದರೆ ಜನಜೀವನದ ಮೇಲೆ ಬಿದ್ದ ಪ್ರಭಾವವು ಬೇರೆ. ಧಾರಾವಾಹಿಯ ಪ್ರೇಕ್ಷಕರು ಕಾದಂಬರಿಯಲ್ಲಿ ಒಗಟಿನ ಉತ್ತರವನ್ನು ಹುಡುಕಿದರು. ಹಟ್ಟಿಯ ಶ್ರೋತೃಗಳಾದರೋ ಒಗಟನ್ನು ಬಿಡಿಸಲು ಹೋಗದೆ, ದೇವರಿಗೆ ಬಿಟ್ಟ ದನಗಳನ್ನು ಪೂಜ್ಯಭಾವದಿಂದ ಸಾಕಿ ಕಥೆಯಂತೆ ನಡೆಯುವರು.

ಆದಕಾರಣ ಜುಂಜಪ್ಪನ ಕಾವ್ಯದ ಅರ್ಥವನ್ನು ಪದಗಳಲ್ಲಿ ಮಾತ್ರ ಅರಸಿದರೆ ಸಾಲದು. ಗಾಯಕನು ಹಾಡನ್ನು ನಿಲ್ಲಿಸಿ ಗಣೆಯನ್ನು ಊದುವಲ್ಲಿಯೂ ಕಥೆಯು ನಡೆಯುತ್ತಿರುವುದು. ಗಣೆಯನ್ನು ನುಡಿಸಬಲ್ಲವರು ವಿರಳರಾಗುತ್ತಿರುವ ಕಾಲದಲ್ಲಿ, ಪಾಠವನ್ನು ಅಚ್ಚುಮಾಡಿ ನಾದವನ್ನು ಕೈಬಿಟ್ಟ ಸಂಗ್ರಹವು ಅರ್ಧಸಂಗ್ರಹವೇ ಸರಿ.