ಫಾಸ್ಟ್ ರೀರೂಟ್

ಕಂಪ್ಯೂಟರ್ ಜಾಲದ ಕೊಂಡಿಯೊಂದು ಕಡಿದ ಕೂಡಲೇ ದತ್ತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟ ಬದಲಿ ದಾರಿಗೆ ತಿರುಗಿಸುವ ವಿಧಾನ. ರಸ್ತೆ ಅಗೆಯುವಾಗ ಕೇಬಲ್ ತುಂಡಾಯಿತೆನ್ನಿ. ಸುದ್ದಿ ಎಲ್ಲ ರೂಟರ್‌ಗಳಿಗೂ ಹಬ್ಬಿ ಹೊಸ ದಾರಿ ಸಿದ್ಧವಾಗುವಷ್ಟರಲ್ಲಿ ಸೆಕೆಂಡುಗಳೇ ಕಳೆಯಬಹುದು. ಫೋನಿನ ಮಾತು ಅಷ್ಟು ಹೊತ್ತು ಕಾಯದು. ಈ ವಿಧಾನದಲ್ಲಿ ತುಂಡಾದ ಕೊಂಡಿಯ ಪಕ್ಕದ ರೂಟರ್ ಯಾರನ್ನೂ ಕೇಳದೆ ತಾನೇ ಪ್ಯಾಕೆಟ್‌ಗಳನ್ನು ತಿರುಗಿಸುತ್ತದೆ. ಇದರ ಸೊಗಸೆಲ್ಲ ಆ ಮುಂದಾಲೋಚನೆಯಲ್ಲಿದೆ. ದಾರಿ ತಿರುಗಿಸಲು ಸಾಮಾನ್ಯ ಗುರಿ 50 ಮಿಲಿಸೆಕೆಂಡ್. ಲೇಬಲ್ ನೋಡಿ ಪ್ಯಾಕೆಟ್ ಸಾಗಿಸುವ ಎಂಪಿಎಲ್‌ಎಸ್ ಜಾಲಗಳಿಗೆ ಇದರ ಕ್ರಮವನ್ನು ಅಂತರ್ಜಾಲದ ತಾಂತ್ರಿಕ ದಾಖಲೆಯಾದ 2005ರ ಆರ್‌ಎಫ್‌ಸಿ 4090 ನಿಗದಿಪಡಿಸಿತು. ಐಪಿ ಜಾಲದ ಕಷ್ಟ ಬೇರೆ: ನೆರೆಯ ರೂಟರಿಗೆ ಒಪ್ಪಿಸಿದ ಪ್ಯಾಕೆಟ್ ಹಿಂದಕ್ಕೇ ಬಂದರೆ, ಆಯುಷ್ಯ ಮುಗಿಯುವ ತನಕ ಇಬ್ಬರ ನಡುವೆ ಸುತ್ತುತ್ತಿರುತ್ತದೆ. ಆದ್ದರಿಂದ ಕಳುಹಿಸಿದವನನ್ನು ಹಾಯದೆ ಗುರಿ ಮುಟ್ಟಬಲ್ಲ ನೆರೆಯನ್ನೇ ಆರಿಸುವ ನಿಯಮವನ್ನು 2008ರ ಆರ್‌ಎಫ್‌ಸಿ 5286 ವಿವರಿಸಿತು. ಅಂಥ ನೆರೆ ಎಲ್ಲ ಜಾಲದಲ್ಲೂ ಸಿಗುವುದಿಲ್ಲ. ಉಂಗುರದಾಕಾರದ ಜಾಲಗಳಲ್ಲಿ ಈ ಕೊರತೆ ಹೆಚ್ಚು.