ಗಡಿಯಾರಕ್ಕೆ ಕಟ್ಟುಬಿದ್ದ ಗಣಕಗಳು

ಒಂಬತ್ತು ಗಂಟೆಯ ವಾರ್ತೆ ಒಂಬತ್ತೂ ಐದಕ್ಕೆ ಬಂದರೆ, ಅದರ ಒಂದೊಂದು ಮಾತೂ ನಿಜವಾಗಿದ್ದರೂ, ಬಾನುಲಿ ನಿಲಯದಲ್ಲಿ ಏನೋ ಕೆಟ್ಟಿದೆಯೆಂದೇ ಕೇಳುವವರು ತಿಳಿಯುತ್ತಾರೆ. ಗಣಕಯಂತ್ರಗಳಲ್ಲಿಯೂ ಇಂಥದೊಂದು ವರ್ಗವುಂಟು. ವಿಮಾನವನ್ನು ನಡೆಸುವ ಗಣಕ ಸರಿಯಾದ ಉತ್ತರ ಕೊಟ್ಟರೆ ಸಾಲದು; ಗೊತ್ತಾದ ವೇಳೆಯೊಳಗೆ ಕೊಡಬೇಕು. ಇದಕ್ಕೆ ‘ರಿಯಲ್ ಟೈಮ್’ ಗಣನೆ ಎಂದು ಹೆಸರು. ಇಂಥ ಕೆಲಸವನ್ನು ಹಲವು ಗಣಕಗಳಿಗೆ ಹಂಚಿ ಮಾಡಿಸುವ ತಂತ್ರಾಂಶ ಸಾಧನಗಳು ಬಂದ ಕಥೆ ವಿಚಿತ್ರವಾದುದು. ಅವುಗಳಿಗೆ ಬುನಾದಿಯಾದ ಕಲ್ಪನೆ ಹುಟ್ಟಿದ್ದು ಗಡಿಯಾರದ ಕಾಟವೇ ಇಲ್ಲದ ಕಡೆಯಲ್ಲಿ.

ನಾರ್ವೆಯ ಓಸ್ಲೋ ನಗರದ ಗಣಕ ಕೇಂದ್ರದಲ್ಲಿ 1960ರ ದಶಕದಲ್ಲಿ ಕ್ರಿಸ್ಟನ್ ನೈಗಾರ್ಡ್, ಓಲೆ-ಯೋಹಾನ್ ಡಾಲ್ ಎಂಬಿಬ್ಬರು ಕೆಲಸಮಾಡುತ್ತಿದ್ದರು. ಕಾರ್ಖಾನೆಯ ಕೆಲಸ, ಜನರ ಸರತಿಯ ಸಾಲು ಮೊದಲಾದುವನ್ನು ಗಣಕದಲ್ಲಿ ಅನುಕರಿಸಿ ನೋಡುವ ಭಾಷೆಯೊಂದು ಅವರಿಗೆ ಬೇಕಾಗಿತ್ತು. ಸಾಲಿನಲ್ಲಿ ನಿಂತ ಒಬ್ಬೊಬ್ಬ ಗಿರಾಕಿಗೂ ಅವನವನದೇ ಸ್ಥಿತಿ, ಅವನವನದೇ ನಡೆವಳಿಕೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಆಬ್ಜೆಕ್ಟ್’, ಎಂದರೆ ವಸ್ತು, ಎಂದು ಕರೆದರು. 1967ರ ಸಿಮುಲಾ ಭಾಷೆಯಲ್ಲಿ ಈ ಕಲ್ಪನೆ ರೂಪುಗೊಂಡಿತು. ಅಲ್ಲಿಯ ಕಾಲ ಮಾತ್ರ ಕಲ್ಪಿತ ಕಾಲ. ಕಾರ್ಖಾನೆಯ ಒಂದು ನಿಮಿಷವನ್ನು ಲೆಕ್ಕಹಾಕಲು ಗಣಕಕ್ಕೆ ಒಂದು ಗಂಟೆ ಹಿಡಿದರೂ ಯಾರಿಗೂ ನಷ್ಟವಿಲ್ಲ. ಒಳಗಿನ ಗಡಿಯಾರ ಕಾದು ನಿಲ್ಲುತ್ತಿತ್ತು.

ಡೆನ್ಮಾರ್ಕಿನ ಬ್ಯಾರ್ನ್ ಸ್ಟ್ರೌಸ್ಟ್ರಪ್ ಕೇಂಬ್ರಿಜ್ಜಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, ಹಲವು ಗಣಕಗಳಲ್ಲಿ ಹಂಚಿಹೋದ ತಂತ್ರಾಂಶದ ನಡೆಯನ್ನು ಸಿಮುಲಾದಲ್ಲಿ ಅನುಕರಿಸಿ ನೋಡಿದರು. ಆಲೋಚನೆಗೆ ಭಾಷೆ ಚೆನ್ನಾಗಿ ಒಗ್ಗಿತು. ಓಟ ಮಾತ್ರ ಆಮೆಯದು. ಕೊನೆಗೆ ಎಲ್ಲವನ್ನೂ ಬಿಸಿಪಿಎಲ್ ಎಂಬ ಒರಟು ಭಾಷೆಯಲ್ಲಿ ಮತ್ತೆ ಬರೆಯಬೇಕಾಯಿತು. 1979ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಅವರು ಆರಂಭಿಸಿದ, ಮುಂದೆ ಸಿ ಪ್ಲಸ್ ಪ್ಲಸ್ ಎಂದು ಹೆಸರಾದ ಭಾಷೆ ಆ ಬೇಸರದ ಫಲ.

ವಸ್ತುಗಳಿಗೆ ವೇಗ ಬಂದಿತು. ಇನ್ನು ಅವು ಒಂದು ಗಣಕದಿಂದ ಇನ್ನೊಂದಕ್ಕೆ ಮಾತನಾಡಬೇಕಲ್ಲ? ಅದಕ್ಕಾಗಿ 1989ರಲ್ಲಿ ಹಲವು ಕಂಪೆನಿಗಳು ಕೂಡಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಕೂಟವನ್ನು ಕಟ್ಟಿದುವು. 1991ರಲ್ಲಿ ‘ಕಾರ್ಬಾ’ ಎಂಬ ಒಡಂಬಡಿಕೆ ಹೊರಬಂತು. ಕೇಳಿದ ವಸ್ತು ಯಾವ ಊರಿನ ಯಾವ ಯಂತ್ರದಲ್ಲಿದೆ, ಯಾವ ಭಾಷೆಯದು ಎಂಬ ಚಿಂತೆ ಬೇಡ. ನಡುವಿನ ದಲ್ಲಾಳಿ ಪ್ರಶ್ನೆಯನ್ನು ಒಯ್ದು ಉತ್ತರವನ್ನು ತರುತ್ತಾನೆ. ಆದರೆ 1994ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯ ಜಿಮ್ ವಾಲ್ಡೋ ಮತ್ತು ಮೂವರು ಸಂಗಡಿಗರು, ಪಕ್ಕದ ವಸ್ತುವೂ ದೂರದ ವಸ್ತುವೂ ಒಂದೇ ಎಂಬ ನಟನೆ ನಿಲ್ಲಲಾರದೆಂದು ಬರೆದರು. ದೂರದ್ದು ತಡಮಾಡುತ್ತದೆ, ಮಾತಿನ ನಡುವೆಯೇ ಸತ್ತೂ ಹೋಗಬಹುದು. ನನಗೆ ತೋರುವಂತೆ, ಆ ದಶಕದಲ್ಲಿ ಈ ವಿಷಯವಾಗಿ ಬಂದ ಅತ್ಯಂತ ವಿವೇಕದ ಬರಹ ಅದು.

ತಡವೆಂಬುದು ಒಂದೇ ಯಂತ್ರದೊಳಗೂ ಎಂಥ ಪೇಚನ್ನು ತರುತ್ತದೆಂಬುದು 1997ರಲ್ಲಿ ಮಂಗಳಗ್ರಹದ ಮೇಲೆ ಕಂಡುಬಂತು. ಜುಲೈ 4ರಂದು ಅಲ್ಲಿಳಿದ ಪಾತ್‌ಫೈಂಡರ್ ನೌಕೆಯ ಗಣಕ ಕೆಲವು ದಿನಗಳಲ್ಲಿ ತಾನಾಗಿ ನಿಂತು ಮತ್ತೆ ಮೊದಲಿನಿಂದ ಏಳತೊಡಗಿತು. ಆ ದಿನದ ಉಳಿದ ಕೆಲಸ ಮರುದಿನಕ್ಕೆ. ಕಾರಣವನ್ನು ಮದುವೆಮನೆಯ ಮಾತಿನಲ್ಲಿ ಹೇಳಬಹುದು. ಉಗ್ರಾಣದ ಬೀಗದಕೈ ಚಿಕ್ಕ ಹುಡುಗನ ಕೈಯಲ್ಲಿದೆ. ಅಡಿಗೆಯ ಯಜಮಾನ ಅದಕ್ಕಾಗಿ ಕಾಯುತ್ತಿದ್ದಾನೆ. ಇಷ್ಟರಲ್ಲಿ ನೆಂಟನೊಬ್ಬ ಹುಡುಗನನ್ನು ತಡೆದು ತನ್ನ ಚಾಕರಿಗೆ ಹಚ್ಚುತ್ತಾನೆ. ಹುಡುಗನಿಗಿಂತ ನೆಂಟ ದೊಡ್ಡವನು, ನೆಂಟನಿಗಿಂತ ಯಜಮಾನ ದೊಡ್ಡವನು. ಆದರೂ ಯಜಮಾನನೇ ನಿಂತುಬಿಟ್ಟ. ನೌಕೆಯಲ್ಲಿ ಹವಾಮಾನದ ಕೆಲಸವೇ ಹುಡುಗ, ಸಂಪರ್ಕದ ಕೆಲಸ ನೆಂಟ, ಮಾಹಿತಿಯನ್ನು ಸಾಗಿಸುವ ಕೆಲಸ ಯಜಮಾನ. ಇದಕ್ಕೆ ಮದ್ದನ್ನು ಲೂಯಿ ಷಾ, ರಗುನಾಥನ್ ರಾಜ್‌ಕುಮಾರ್, ಜಾನ್ ಲೆಹೋಟ್ಸ್ಕಿ 1990ರಲ್ಲೇ ವಿವರವಾಗಿ ಬರೆದಿದ್ದರು: ಬೀಗದಕೈಯನ್ನು ಹಿಂದಿರುಗಿಸುವವರೆಗೆ ಹುಡುಗನಿಗೆ ಯಜಮಾನನ ಅಧಿಕಾರವನ್ನೇ ಕೊಡುವುದು. ನೌಕೆಯ ತಂತ್ರಾಂಶದಲ್ಲಿ ಆ ಏರ್ಪಾಡು ಇತ್ತು, ಆದರೆ ಮುಚ್ಚಿತ್ತು. ಕ್ಯಾಲಿಫೋರ್ನಿಯದ ಎಂಜಿನಿಯರುಗಳು ತಮ್ಮಲ್ಲಿದ್ದ ಪ್ರತಿಯಂತ್ರದಲ್ಲಿ ಅದೇ ರೋಗವನ್ನು ಬರಿಸಿ, ಭೂಮಿಯಿಂದಲೇ ಅದನ್ನು ತೆರೆದರು.

ಒಂದೇ ಯಂತ್ರದಲ್ಲಿ ಹೀಗಾದರೆ, ಕೆಲಸ ಹತ್ತು ಯಂತ್ರಗಳಲ್ಲಿ ಹಂಚಿಹೋದಾಗ? ಅವಸರದ ಪ್ರಶ್ನೆಯನ್ನು ದಲ್ಲಾಳಿ ಒಯ್ದು ಆಚೆಯ ಸಾಮಾನ್ಯ ಸಾಲಿನಲ್ಲಿ ನಿಲ್ಲಿಸಿದರೆ ಅವಸರವೇ ಕಳೆದುಹೋಯಿತು. ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಡಗ್ಲಸ್ ಶ್ಮಿಟ್ ಮತ್ತು ಅವರ ಬಳಗ 1990ರ ದಶಕದ ಕೊನೆಯಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಕಟ್ಟಿದ ‘ಟಾವೋ’ ಎಂಬ ದಲ್ಲಾಳಿ ಈ ಗಂಟನ್ನೇ ಬಿಡಿಸಲು ಹೊರಟದ್ದು. ರಿಯಲ್ ಟೈಮ್ ಕಾರ್ಬಾ ಎಂಬ ಹೊಸ ಒಡಂಬಡಿಕೆಯೂ ಬಂತು. ಅದರಂತೆ ಒಂದೊಂದು ಪ್ರಶ್ನೆಯ ಬೆನ್ನಿಗೂ 0ಯಿಂದ 32767ರವರೆಗಿನ ಒಂದು ಅಂಕಿಯನ್ನು ಕಟ್ಟಿ ಕಳುಹಿಸಬಹುದು. ಹೋದಲ್ಲೆಲ್ಲ ಯಂತ್ರ ಅದನ್ನು ತನ್ನ ಒಳಗಿನ ಅಂತಸ್ತಿಗೆ ಹೊಂದಿಸಿಕೊಳ್ಳುತ್ತದೆ. ಬೋಯಿಂಗ್ ಕಂಪೆನಿ ಟಾವೋವನ್ನು ವಿಮಾನದ ಗಣಕಗಳಲ್ಲಿ ಬಳಸಿತು.

ಕಛೇರಿಯ ಕೆಲಸಗಳಲ್ಲಿ ಕಾರ್ಬಾದ ಸ್ಥಾನವನ್ನು ಅಂತರಜಾಲದ ಹಗುರವಾದ ವಿಧಾನಗಳು ಮುಂದೆ ಆಕ್ರಮಿಸಿದುವು. ಟಾವೋದ ಮೂಲಪಾಠ ಮಾತ್ರ ಯಾರು ಬೇಕಾದರೂ ತೆಗೆದು ಓದುವಂತೆ ಇಂದಿಗೂ ಬಿಚ್ಚಿದ್ದೇ ಇದೆ.