ಗ್ರಾಸ್‌ಹೋಮ್ ದ್ವೀಪದ ಪಕ್ಷಿಚಿತ್ರ

ವೇಲ್ಸ್ ದೇಶದ ನೈರುತ್ಯದಲ್ಲಿ, ಪೆಂಬ್ರೋಕ್‌ಷೈರಿನ ತೀರದಿಂದ ಸುಮಾರು 8 ಮೈಲಿ ದೂರದ ಸಮುದ್ರದಲ್ಲಿ, ಗ್ರಾಸ್‌ಹೋಮ್ ಎಂಬ ನಿರ್ಜನವಾದ ಶಿಲಾದ್ವೀಪವೊಂದಿದೆ. ಅದರ ವಿಸ್ತಾರವು ಸುಮಾರು 22 ಎಕರೆ ಮಾತ್ರ. ಗ್ಯಾನೆಟ್ ಎಂಬ ಬಿಳಿಯ ಕಡಲಹಕ್ಕಿಗಳು ಪ್ರತಿವರ್ಷವೂ ಸಹಸ್ರಾರು ಸಂಖ್ಯೆಯಲ್ಲಿ ಅಲ್ಲಿ ಗೂಡು ಕಟ್ಟುವುದರಿಂದ, ದೂರದಲ್ಲಿರುವವರಿಗೆ ಬಂಡೆಯ ಒಂದು ಪಾರ್ಶ್ವವು ಸುಣ್ಣ ಬಳಿದಂತೆ ತೋರುವುದು. ಪ್ರಾಣಿಶಾಸ್ತ್ರವೂ ಚಲಚ್ಚಿತ್ರಕಲೆಯೂ ಒಂದುಗೂಡಿದ ಮೊದಮೊದಲ ಪ್ರಸಂಗಗಳಲ್ಲೊಂದು ನಡೆದುದು ಈ ಬಂಡೆಯ ಮೇಲೆ.

1934ರಲ್ಲಿ ಜೂಲಿಯನ್ ಹಕ್ಸ್ಲಿಯವರು ಗ್ಯಾನೆಟ್ಟುಗಳ ಜೀವನವನ್ನು ಚಿತ್ರಿಸಲು ಇಲ್ಲಿಗೆ ಬಂದರು. ಚಿತ್ರದ ನಿರ್ಮಾಪಕರು ಅಲೆಗ್ಸಾಂಡರ್ ಕೋರ್ಡಾ ಅವರು. ಸಮೀಪದ ಸ್ಕೋಕೋಮ್ ದ್ವೀಪದಲ್ಲಿ 1927ರಿಂದ ನೆಲಸಿ, 1933ರಲ್ಲಿ ಬ್ರಿಟನ್ನಿನ ಮೊದಲನೆಯ ಪಕ್ಷಿವೀಕ್ಷಣಾಲಯವನ್ನು ಸ್ಥಾಪಿಸಿದ್ದ ರೊನಾಲ್ಡ್ ಲಾಕ್ಲಿಯವರು ಸಹಾಯಕರಾದರು. ಹಕ್ಸ್ಲಿಯವರಿಗೆ ಈ ಕಾರ್ಯವು ಹೊಸತೇನೂ ಅಲ್ಲ. ನೀರುಹಕ್ಕಿಯೊಂದರ ಪ್ರಣಯಚೇಷ್ಟೆಗಳನ್ನು ಕಣ್ಣಾರೆ ಕಂಡು ಬರೆದ ಅವರ ಪ್ರಬಂಧವು 1914ರಲ್ಲಿಯೇ ಪ್ರಸಿದ್ಧವಾಗಿತ್ತು. ಆದರೆ ಅಲ್ಲಿ ಸಾಧನವು ಲೇಖನಿ, ಇಲ್ಲಿ ಯಂತ್ರನೇತ್ರ.

ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ವಿದ್ವಾಂಸನ ಬರಹವು ಓದುವವನಿಗೆ ಶಬ್ದಪ್ರಮಾಣವಷ್ಟೆ; ಚಲಚ್ಚಿತ್ರವು ಪ್ರತ್ಯಕ್ಷಕ್ಕೆ ಅತಿ ಸಮೀಪವಾದುದು. ಗ್ಯಾನೆಟ್ಟು ಬಹಳ ಎತ್ತರದಿಂದ ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿ ಬಾಣದಂತೆ ನೀರಿಗೆರಗುವ ವೇಗವು ಬರಿಗಣ್ಣಿಗೆ ನಿಲುಕುವಂಥದಲ್ಲ. ಚಿತ್ರದಲ್ಲಿ ಅದೇ ಎರಗಾಟವು ಮಂದಗತಿಯಲ್ಲಿ ಬಿಡಿಬಿಡಿಯಾಗಿ ಕಾಣಿಸಿತು. 1937ನೆಯ ಸಾಲಿನ ಕಿರುಚಿತ್ರಗಳಲ್ಲಿ ಇದಕ್ಕೆ ಅಮೆರಿಕದ ಆಸ್ಕರ್ ಪ್ರಶಸ್ತಿಯು ಲಭಿಸಿತು.

ಆದರೂ ಯಂತ್ರನೇತ್ರಕ್ಕೆ ಒಂದು ಮಿತಿಯುಂಟು. ತನ್ನನ್ನು ತಿರುಗಿಸಿದ ಕಡೆಯನ್ನು ಮಾತ್ರ ಅದು ಕಾಣಬಲ್ಲುದು. ಯಾವುದನ್ನು ನೋಡಬೇಕೆಂಬ ವಿವೇಕವು, ಗಾಳಿಮಳೆಗಳಲ್ಲಿ ಬಂಡೆಯ ಮೇಲೆ ಕುಳಿತು ಕಾದವನಿಂದಲೇ ಬರತಕ್ಕುದು. ಆ ವಿವೇಕವಿಲ್ಲದ ಚಿತ್ರವು ವಿನೋದವಾದೀತು, ಜ್ಞಾನವಾಗದು.

ಕಾಲವು ಇದನ್ನು ಮತ್ತೊಂದು ಬಗೆಯಲ್ಲಿ ಸ್ಥಿರಪಡಿಸಿತು. 1947ರಲ್ಲಿ ಬ್ರಿಟನ್ನಿನ ಪಕ್ಷಿಸಂರಕ್ಷಣಾ ಸಂಘವು ದ್ವೀಪವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಗ್ಯಾನೆಟ್ಟುಗಳ ಸಂತತಿಯು ಬೆಳೆಯಿತು. ಆದರೆ 2022ರಲ್ಲಿ ಹಕ್ಕಿಜ್ವರದ ಮಾರಿಯು ಎರಗಿತು. ಮರುವರ್ಷದ ಗಣತಿಯಲ್ಲಿ ಗೂಡುಗಳ ಸಂಖ್ಯೆಯು ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಈ ನಷ್ಟದ ಪರಿಮಾಣವನ್ನು ತಿಳಿಸಿದುದು ಚಿತ್ರವಲ್ಲ. ಗೂಡುಗಳನ್ನು ಎಣಿಸಿದವರ ತಾಳ್ಮೆ. ಆದರೆ ನಷ್ಟವಾದುದು ಎಂತಹ ಬಾಳು ಎಂಬುದನ್ನು ಅಂಕೆಗಳು ಹೇಳಲಾರವು. ಅದನ್ನು ಹೇಳಲು 1934ರ ಆ ಹಳೆಯ ಚಿತ್ರವೇ ಬೇಕು. ಎಣಿಸುವ ಕೈಯೂ ಕಾಣಿಸುವ ಕಣ್ಣೂ ಕೂಡಿದಲ್ಲಿಯೇ ಕಡಲತೀರದ ಜೀವಚರಿತ್ರೆಯು ಪೂರ್ಣವಾಗುವುದು.